ಓದುವ ಹೊತ್ತು: ದೊಡ್ಡ ಪುಸ್ತಕಗಳ ಅಡುಗೆಮನೆ



ಮಳವಳ್ಳಿ ಕಡೆಯ ಓದುಗರೊಬ್ಬರು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. "ಅಕ್ಕಾ, ನೀವು ಕಾರಂತ, ಕುವೆಂಪು, ಟಾಲ್‌ಸ್ಟಾಯ್ ಅಂತ ದೊಡ್ಡ ದೊಡ್ಡವರ ಪುಸ್ತಕಗಳ ಬಗ್ಗೆ ಬರೆಯುತ್ತೀರಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾದವಳು. ಲೈಬ್ರರಿಯಿಂದ ತಂದರೂ ಹತ್ತು ಪುಟ ಓದುವಷ್ಟರಲ್ಲಿ, ಇದು ಕಾಲೇಜು ಕಂಡವರಿಗೆ ಬರೆದದ್ದು, ನನಗಲ್ಲ ಅನ್ನಿಸಿಬಿಡುತ್ತೆ. ನಮ್ಮಂಥವರು ಅದನ್ನೆಲ್ಲ ಓದಿ ಏನಾಗಬೇಕು?"

ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಕೈತೊಳೆದುಕೊಳ್ಳುವ ಪ್ರಶ್ನೆಯಲ್ಲ ಇದು. ಹೈಸ್ಕೂಲಿಗೇ ಓದು ನಿಂತ ನಮ್ಮಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ಈ ಅಳುಕು ಇದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ.

ನಾನು ಅನುಸರಿಸುವ ಒಂದು ಉಪಾಯ ಹೇಳುತ್ತೇನೆ. ಯಾರ ಮನೆಗೇ ಹೋಗಲಿ, ನಾವು ಹೆಂಗಸರು ಸ್ವಲ್ಪ ಹೊತ್ತಿಗೆಲ್ಲ ಅಡುಗೆಮನೆ ಸೇರಿಕೊಳ್ಳುತ್ತೇವೆ ಅಲ್ಲವೇ? ನಡುಮನೆಯಲ್ಲಿ ಕುಳಿತವರಿಗೆ ಮಾತು, ಉಪಚಾರ, ಗೋಡೆ ಮೇಲಿನ ಫೋಟೋ ಇಷ್ಟೇ ಕಾಣುವುದು. ಒಳಗೆ ಹೋದವರಿಗೆ ಆ ಮನೆಯ ನಿಜ ಗೊತ್ತಾಗುತ್ತೆ. ಡಬ್ಬದಲ್ಲಿ ಬೇಳೆ ಎಷ್ಟಿದೆ, ಸೊಸೆಯ ಕಣ್ಣು ಯಾಕೆ ಕೆಂಪಾಗಿದೆ, ಕಡೆಯಲ್ಲಿ ಉಣ್ಣುವವಳು ಯಾರು, ಎಲ್ಲಾ ಅಲ್ಲೇ ತಿಳಿಯೋದು. ಪುಸ್ತಕವೂ ಹಾಗೆಯೇ. ನಾನು ಯಾವ ದೊಡ್ಡ ಪುಸ್ತಕ ತೆರೆದರೂ ಮೊದಲು ಹುಡುಕುವುದು ಅದರ ಅಡುಗೆಮನೆಯನ್ನು. ಈ ಕಥೆಯಲ್ಲಿ ಒಲೆ ಹಚ್ಚುವವಳು ಯಾರು? ಬರೆದವರು ಅವಳನ್ನು ಮಾತಾಡಲು ಬಿಟ್ಟಿದ್ದಾರಾ, ಇಲ್ಲ ಕಾಫಿ ತಂದಿಟ್ಟು ಹೋಗುವುದಕ್ಕಷ್ಟೇ ಇಟ್ಟುಕೊಂಡಿದ್ದಾರಾ? ಈ ಎರಡು ಪ್ರಶ್ನೆ ಕೇಳಿಕೊಂಡು ಓದಿ ನೋಡಿ. ಆ ಜಾಗದಲ್ಲಿ ನಮಗಿಂತ ಚೆನ್ನಾಗಿ ತಿಳಿದವರು ಯಾವ ಕಾಲೇಜಿನಲ್ಲೂ ಇಲ್ಲ.

ರಷ್ಯಾದ ಡಾಲಿ

ಟಾಲ್‌ಸ್ಟಾಯ್ ಬರೆದ 'ಅನ್ನಾ ಕರೆನಿನಾ' ಅಂದರೆ ಎಲ್ಲರೂ ಹೇಳುವುದು ಅನ್ನಾಳ ಕಥೆ. ಗಂಡನನ್ನು ಬಿಟ್ಟಳು, ಇನ್ನೊಬ್ಬನ ಜೊತೆ ಹೋದಳು, ಕೊನೆಗೆ ರೈಲಿಗೆ ತಲೆಕೊಟ್ಟಳು. ಸರಿ. ಆದರೆ ಆ ಪುಸ್ತಕ ಶುರುವಾಗುವುದು ಅನ್ನಾಳಿಂದಲ್ಲ, ಒಂದು ಕೆಟ್ಟುಹೋದ ಸಂಸಾರದಿಂದ. ಮನೆಯಾಕೆ ಡಾಲಿಗೆ ತನ್ನ ಗಂಡ, ಮಕ್ಕಳಿಗೆ ಪಾಠ ಹೇಳುತ್ತಿದ್ದ ಹೆಂಗಸಿನ ಸಂಗಡ ಇಟ್ಟುಕೊಂಡ ಸಂಬಂಧ ಗೊತ್ತಾಗಿದೆ. ಅವಳು ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ. ಅಡುಗೆಯವನು ಹಿಂದಿನ ದಿನ ಊಟದ ಹೊತ್ತಿಗೇ ಸರಿಯಾಗಿ ಬಿಟ್ಟುಹೋಗಿದ್ದಾನೆ. ನೋಡಿ, ಮೊದಲ ಪುಟದಲ್ಲೇ ಅಡುಗೆಮನೆ ಬಂತು!

ಡಾಲಿಗೆ ಮೂವತ್ತರ ಮೇಲೆ ಎರಡೋ ಮೂರೋ ವರ್ಷ. ಐದು ಮಕ್ಕಳು ಬದುಕಿವೆ, ಎರಡು ಹೋಗಿವೆ. ಆಮೇಲೆ ಅವಳು ಬೇಸಗೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹಳ್ಳಿ ಮನೆಗೆ ಹೋಗುತ್ತಾಳೆ. ಹೋಗಿ ನೋಡಿದರೆ ಸೂರು ಸೋರುತ್ತೆ, ಬೀರುವಿನ ಬಾಗಿಲು ಮುಚ್ಚಲ್ಲ, ಪಾತ್ರೆ ಸಾಲದು, ಒಂಬತ್ತು ಹಸುಗಳಿದ್ದರೂ ಮಕ್ಕಳಿಗೆ ಹಾಲಿಲ್ಲ. ಒಂದು ಗಬ್ಬ, ಒಂದು ಹೊಸದಾಗಿ ಕರು ಹಾಕಿದ್ದು, ಒಂದು ಮುದಿ, ಹೀಗೆ. ಮೊದಲ ದಿನ ಅವಳು ಅಳುತ್ತಾಳೆ. ಮನೆಯ ಹಳೇ ಕೆಲಸದಾಕೆ ಅವರಿವರನ್ನು ಮಾತಾಡಿಸಿ, ಒಂದೊಂದಾಗಿ ಎಲ್ಲವನ್ನೂ ಸರಿಮಾಡುತ್ತಾಳೆ. ಅಷ್ಟು ದೊಡ್ಡ ಲೇಖಕ, ಗಡ್ಡದ ಜಮೀನುದಾರ, ಇದನ್ನೆಲ್ಲ ಕೂತು ಬರೆದಿದ್ದಾನಲ್ಲ ಅಂತ ನನಗೆ ಆಶ್ಚರ್ಯ. ಬೇಸಗೆ ರಜಕ್ಕೆ ಮಕ್ಕಳ ಜೊತೆ ಬೀಗ ಹಾಕಿದ್ದ ಹಳ್ಳಿ ಮನೆಗೆ ಹೋದವರಿಗೆ ಇದರಲ್ಲಿ ಅರ್ಥವಾಗದ ಮಾತು ಒಂದಾದರೂ ಉಂಟೇ?

ನನ್ನ ಮನಸ್ಸಿಗೆ ಹತ್ತಿರವಾದ ಭಾಗ ಇನ್ನೂ ಮುಂದಿದೆ. ಡಾಲಿ ಒಬ್ಬಳೇ ಗಾಡಿಯಲ್ಲಿ ಅನ್ನಾಳನ್ನು ನೋಡಲು ಹೊರಡುತ್ತಾಳೆ. ಮನೆಯಲ್ಲಿ ಯೋಚನೆ ಮಾಡಲು ಪುರಸೊತ್ತೇ ಇಲ್ಲದವಳಿಗೆ ದಾರಿಯುದ್ದಕ್ಕೂ ಯೋಚನೆ. ಹದಿನೈದು ವರ್ಷದ ಸಂಸಾರವೆಂದರೆ ಏನಾಯಿತು? ಬಸುರು, ಬಾಣಂತನ, ಹಾಲುಣಿಸುವುದು, ಮಕ್ಕಳ ಕಾಯಿಲೆ. ಅನ್ನಾ ಮಾಡಿದ್ದೇ ಸರಿಯಿರಬಹುದೇ ಅಂತಲೂ ಒಂದು ಗಳಿಗೆ ಅಂದುಕೊಳ್ಳುತ್ತಾಳೆ. ಆದರೆ ಅನ್ನಾಳ ಮನೆ ತಲುಪಿದ ಮೇಲೆ, ಆ ಐಶ್ವರ್ಯದ ನಡುವೆ, ತಾನು ತಂದಿರುವ ತೇಪೆ ಹಾಕಿದ ರವಿಕೆಯಂಥ ಉಡುಪಿಗೆ ಅವಳಿಗೆ ನಾಚಿಕೆ. ಅದೇ ಮನೆಯಲ್ಲಿ ಇನ್ನೊಂದನ್ನೂ ಅವಳು ಗಮನಿಸುತ್ತಾಳೆ. ತನ್ನ ಮಗುವಿಗೆ ಎಷ್ಟು ಹಲ್ಲು ಬಂದಿದೆ ಅಂತ ಅನ್ನಾಗೆ ಸರಿಯಾಗಿ ಗೊತ್ತಿಲ್ಲ! ತಾಯಿಯಾದವಳ ಕಣ್ಣು ಹೋಗುವುದೇ ಅಲ್ಲಿಗೆ. ಅನ್ನಾ ಒಳಗೊಳಗೇ ಎಷ್ಟು ಒಡೆದುಹೋಗಿದ್ದಾಳೆ ಎಂಬುದು ನನಗೆ ತಿಳಿದದ್ದು ರೈಲಿನಿಂದಲ್ಲ, ಆ ಹಲ್ಲಿನಿಂದ.

ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲಿ ಒಬ್ಬಳೇ ಕಿಟಕಿ ಪಕ್ಕ ಕೂತಾಗೆಲ್ಲ ನನಗೆ ಡಾಲಿಯ ನೆನಪಾಗುತ್ತೆ. ನಮಗೂ ಸಿಗುವುದು ಆ ಒಂದು ಗಂಟೆ ತಾನೆ!

ಈ ಪುಸ್ತಕವನ್ನು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ದೇ. ಜವರೇಗೌಡರು ಕನ್ನಡಕ್ಕೆ ತಂದಿದ್ದಾರೆ. ಇನ್ನೊಂದು ಮಾತು. ರಷ್ಯಾದಲ್ಲಿ ಈ ಕಾದಂಬರಿ ಮೊದಲು ಬಂದದ್ದು 1875ರಿಂದ 1877ರವರೆಗೆ, ಒಂದು ಪತ್ರಿಕೆಯಲ್ಲಿ, ಕಂತು ಕಂತಾಗಿ. ನಮ್ಮ ಅಮ್ಮಂದಿರು ವಾರಪತ್ರಿಕೆಯ ಧಾರಾವಾಹಿಗೆ ಕಾಯುತ್ತಿದ್ದ ಹಾಗೆ ಅಲ್ಲಿಯ ಜನವೂ ಕಾದಿದ್ದಿರಬೇಕು.

ಐದು ಹೆಣ್ಣುಮಕ್ಕಳ ತಾಯಿ

ದೇಜಗೌ ಅವರೇ ಇಂಗ್ಲಿಷಿನ ಜೇನ್ ಆಸ್ಟಿನ್ ಎಂಬ ಲೇಖಕಿಯ ಕಾದಂಬರಿಯನ್ನು 'ಹಮ್ಮು ಬಿಮ್ಮು' ಎಂಬ ಚೆಂದದ ಹೆಸರಿಟ್ಟು ಕನ್ನಡ ಮಾಡಿದ್ದಾರೆ. ಮೂಲ ಪುಸ್ತಕ 1813ರದ್ದು. ಬೆನೆಟ್ ಎಂಬ ದಂಪತಿಗೆ ಐದು ಹೆಣ್ಣುಮಕ್ಕಳು. ತಾಯಿಗೆ ದಿನಬೆಳಗಾದರೆ ಗಂಡು ಹುಡುಕುವ ಚಿಂತೆ. ಅವಳ ಬಾಯಿ, ಅವಳ ಅವಸರ, ಅವಳ ನರದ ಕಾಯಿಲೆ ಎಲ್ಲವನ್ನೂ ಲೇಖಕಿ ನಗೆಯಾಡುತ್ತಾ ಬರೆದಿದ್ದಾಳೆ. ಓದಿದವರೆಲ್ಲ ಆ ತಾಯಿಯನ್ನು ಪೆದ್ದಿ ಅನ್ನುತ್ತಾರೆ.

ನಾನು ಅವಳ ಪರ! ಯಾಕೆ ಹೇಳುತ್ತೇನೆ ಕೇಳಿ. ಆ ಮನೆ, ಆ ಆಸ್ತಿ ಗಂಡು ವಾರಸಿಗೆ ಮಾತ್ರ ಹೋಗುವಂಥದ್ದು. ಗಂಡ ಕಣ್ಣು ಮುಚ್ಚಿದ ದಿನ ದಾಯಾದಿ ಬಂದು ಮನೆ ಹಿಡಿಯುತ್ತಾನೆ. ತಾಯಿ ಮತ್ತು ಐದು ಹೆಣ್ಣುಮಕ್ಕಳು ಬೀದಿಗೆ. ಇದನ್ನು ಯೋಚಿಸಬೇಕಾದ ತಂದೆ ಏನು ಮಾಡುತ್ತಾನೆ? ಪುಸ್ತಕದ ಕೋಣೆ ಸೇರಿಕೊಂಡು ಹೆಂಡತಿಯನ್ನು ಹಾಸ್ಯ ಮಾಡುತ್ತಾ ಕೂರುತ್ತಾನೆ. ಕೂಡಿಟ್ಟದ್ದೂ ಇಲ್ಲ. ಆ ತಾಯಿ ಕಿರುಚದೆ ಇನ್ನೇನು ಮಾಡಬೇಕು? ಅವಳ ರೀತಿ ಚೆನ್ನಾಗಿಲ್ಲದಿರಬಹುದು, ಅವಳ ಲೆಕ್ಕ ಸರಿಯಾಗಿಯೇ ಇದೆ. ಮಗಳ ಮದುವೆಯ ಖರ್ಚನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೂಡಿ ಕಳೆದ ಯಾರಾದರೂ ಇದನ್ನು ಒಪ್ಪುತ್ತಾರೆ.

ಇದೇ ಆಸ್ತಿಯ ಮುಳ್ಳು ನಮ್ಮ ತ್ರಿವೇಣಿಯವರ 'ಬೆಳ್ಳಿಮೋಡ'ದಲ್ಲೂ ಇದೆ. ಇಂದಿರಾ ಒಬ್ಬಳೇ ಮಗಳು. ಅವಳನ್ನು ಮದುವೆಯಾಗುವವನು ಅವಳ ತಂದೆಯ ಹಣದಲ್ಲೇ ವಿದೇಶಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಮನೆಗೆ ಒಬ್ಬ ತಮ್ಮ ಹುಟ್ಟಿ, ಆಸ್ತಿ ಅವನದಾಗುತ್ತೆ. ಇವನ ಮನಸ್ಸೂ ತಿರುಗುತ್ತೆ. ಆಮೇಲೆ ಬುದ್ಧಿ ಬಂದು ಅವನೇ ಕೇಳಿಕೊಂಡು ಬಂದಾಗ ಇಂದಿರಾ ಒಪ್ಪುವುದಿಲ್ಲ. 1967ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಸಿನಿಮಾ ಮಾಡಿದರು, ಕಲ್ಪನಾ ಇಂದಿರಾ ಆಗಿದ್ದರು. ಎಲ್ಲರೂ ನೆನಪಿಟ್ಟುಕೊಂಡಿರುವುದು ಅವಳ ಪ್ರೇಮಭಂಗವನ್ನು. ನನಗೆ ಕಾಡುವುದು ಬೇರೆ. ತಮ್ಮ ಹುಟ್ಟಿದ ಒಂದೇ ದಿನಕ್ಕೆ ಒಬ್ಬ ಹೆಣ್ಣುಮಗಳ ಬೆಲೆ ಅಷ್ಟು ಇಳಿದುಹೋಗುತ್ತೆ, ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಹಾಗೆ ಪಾಲು ಎಂದು ಕರ್ನಾಟಕದಲ್ಲಿ ಕಾನೂನು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಕಾನೂನು ಬರುವ ಎಷ್ಟೋ ವರ್ಷ ಮುಂಚೆಯೇ ಒಬ್ಬ ಲೇಖಕಿ ಆ ಅನ್ಯಾಯವನ್ನು ಕಥೆ ಮಾಡಿ ನಮ್ಮ ಮುಂದಿಟ್ಟಿದ್ದರು. ಕಥೆ ಪುಸ್ತಕ ಓದಿ ಏನು ಬಂತು ಅನ್ನುವವರಿಗೆ ಇದನ್ನು ಹೇಳಬಹುದು.

ನಮ್ಮತ್ತೆಯ ವಿಮರ್ಶೆ

ನಮ್ಮತ್ತೆಗೆ ಓದು ಬಾರದು. ಆದರೆ ಕಥೆ ಕೇಳುವುದೆಂದರೆ ಪ್ರಾಣ. ಅವರೆಕಾಯಿ ಕಾಲದಲ್ಲಿ ಅವರು ಕಾಯಿ ಸುಲಿಯುತ್ತಾ ಕೂತರೆ ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ. ಹೀಗೆ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಎರಡು ತಿಂಗಳಲ್ಲಿ ಓದಿ ಮುಗಿಸಿದೆವು. 1941ರ ಕಾದಂಬರಿ. ಸಮುದ್ರದ ದಂಡೆಯ ಕೋಡಿ ಎಂಬ ಊರಿನ ಬಡ ಬ್ರಾಹ್ಮಣರ ಮನೆ, ಮೂರು ತಲೆಮಾರಿನ ಕಥೆ. ಆ ಕಡೆಯ ಮಾತು, ಅಲ್ಲಿಯ ಮಳೆ, ಅಲ್ಲಿಯ ಉಪ್ಪುಗಾಳಿ ನಮ್ಮ ಕಬ್ಬು ಬತ್ತದ ಸೀಮೆಯವರಿಗೆ ಹೊಸದು. ಮೊದಲ ಐವತ್ತು ಪುಟ ಸ್ವಲ್ಪ ತಾಳ್ಮೆ ಬೇಕು. ಆಮೇಲೆ ಪುಸ್ತಕ ತಾನೇ ನಮ್ಮ ಕೈ ಹಿಡಿದುಕೊಳ್ಳುತ್ತೆ.

ಆ ಮನೆಯ ಯಜಮಾನ ರಾಮ ಐತಾಳರು. ಆದರೆ ಮನೆ ನಿಂತಿರುವುದು ಅವರ ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿಯ ಬೆನ್ನ ಮೇಲೆ. ಗದ್ದೆ ಕೆಲಸ, ಸೌದೆ ಕೂಡಿಹಾಕುವುದು, ದನ, ಅಡುಗೆ, ಎಲ್ಲಾ ಅವರದೇ. ಪಾರೋತಿಗೆ ಮಕ್ಕಳಾಗಲಿಲ್ಲ ಅಂತ ಐತಾಳರು ಸತ್ಯಭಾಮೆಯನ್ನು ಎರಡನೇ ಮದುವೆಯಾಗುತ್ತಾರೆ. ಆ ತೀರ್ಮಾನದಲ್ಲಿ ಪಾರೋತಿಯ ಮನಸ್ಸಿಗೆ ಏನೂ ಬೆಲೆಯಿಲ್ಲ. ಅವಳು ಜಗಳವಾಡುವುದಿಲ್ಲ, ಮೊದಲಿನ ಹಾಗೇ ದುಡಿಯುತ್ತಾಳೆ. ಮುಂದೆ ಸತ್ಯಭಾಮೆಯ ಮಗ ಲಚ್ಚ ಕೆಟ್ಟ ದಾರಿ ಹಿಡಿದು ಮನೆ ಮುಳುಗಿಸುತ್ತಾನೆ. ಅವನನ್ನು ಕಟ್ಟಿಕೊಂಡ ನಾಗವೇಣಿ ಕಷ್ಟದಲ್ಲೇ ಮಗನನ್ನು ಬೆಳೆಸುತ್ತಾಳೆ.

ಆ ಎರಡನೇ ಮದುವೆಯ ಭಾಗ ಓದಿದ ದಿನ ನಾನು, "ಈ ಪಾರೋತಿ ಒಂದು ಮಾತಾದರೂ ಆಡಬೇಕಿತ್ತು" ಅಂದೆ. ನಮ್ಮತ್ತೆ ಕಾಯಿ ಸುಲಿಯುವುದನ್ನು ನಿಲ್ಲಿಸಿ, "ಆಡಿ ಎಲ್ಲಿಗೋದಾಳವ್ವ? ತವರಲ್ಲಿ ಅತ್ಗೆ ಅವ್ಳೆ, ಇಲ್ಲಿಗೆ ಸವ್ತಿ ಬತ್ತಾಳೆ. ಸುಮ್ಕಿರದಲ್ದೆ ಇನ್ನೇನ್ ಮಾಡಾಳು? ಅದ್ ಬುಡು. ಸುಮ್ಕಿರೋಳ ಒಟ್ಟೇಲಿ ಏನದೆ ಅಂತ ಬರ್ದನಲ್ಲ ಆ ಯಪ್ಪ, ಗಂಡ್ಸಾಗಿ ಅವ್ನಿಗೆ ಎಂಗ್ ಗೊತ್ತಾಯ್ತು?" ಅಂದರು.

ಸೋದರಿಯರೇ, ಕಾರಂತರ ಬಗ್ಗೆ ಎಷ್ಟೋ ಭಾಷಣ ಆಗಿವೆ. ಅಕ್ಷರ ಬಾರದ ನಮ್ಮತ್ತೆ ಕೇಳಿದ ಈ ಪ್ರಶ್ನೆಗಿಂತ ದೊಡ್ಡ ಹೊಗಳಿಕೆ ಬೇಕೇ? ಪುಸ್ತಕದ ಬೆಲೆ ಕಟ್ಟಲು ಸರ್ಟಿಫಿಕೇಟು ಬೇಕಿಲ್ಲ, ಬದುಕು ಕಂಡಿರಬೇಕು.

ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಓದಿದಾಗ ಮಾತ್ರ ನಮ್ಮಿಬ್ಬರಿಗೂ ಅಭಿಪ್ರಾಯ ಹೊಂದಲಿಲ್ಲ. 1936ರ ಪುಸ್ತಕ. ಹೆಗ್ಗಡಿತಿ ಅಂದರೆ ಮನೆಯೊಡತಿ. ಚಂದ್ರಯ್ಯಗೌಡರಿಗೆ ಮೂರನೇ ಹೆಂಡತಿಯಾಗಿ ಬರುವ ಎಳೆಯ ಸುಬ್ಬಮ್ಮನೇ ಆ ಒಡತಿ. ನಮ್ಮತ್ತೆಗೆ ಅವಳನ್ನು ಕಂಡರಾಗದು, "ಸೊಕ್ಕು" ಅಂದರು. ಹೆಸರಿಗೆ ಒಡೆತನ ಕೊಟ್ಟು, ಮನಸ್ಸಿಗೆ ಜೊತೆ ಕೊಡದೆ ಹೋದರೆ ಆ ವಯಸ್ಸಿನ ಹುಡುಗಿ ಏನಾಗಬೇಕು ಅಂತ ನನಗೆ ಅವಳ ಮೇಲೆ ಕರುಣೆ. ಎರಡು ದಿನ ಇದೇ ಚರ್ಚೆ. ಒಂದೇ ಪುಸ್ತಕದಿಂದ ಅತ್ತೆಸೊಸೆ ಇಬ್ಬರೂ ಎರಡು ದಿನ ಮಾತಾಡಿದೆವು, ಅದೂ ನಮ್ಮ ಮನೆಯ ವಿಷಯ ಒಂದನ್ನೂ ತೆಗೆಯದೆ! ಇದೂ ಒಂದು ಲಾಭವೇ ಅನ್ನಿ.

ಒಳಗಿನವರೇ ಬರೆದಾಗ

ಇದುವರೆಗೆ ಹೇಳಿದ್ದು ಹೆಚ್ಚಿನಂಶ ಗಂಡಸರು ಹೊರಗಿನಿಂದ ಇಣುಕಿ ಬರೆದದ್ದು. ಒಳಗೆ ಕೆಲಸ ಮಾಡುತ್ತಿದ್ದವಳೇ ಲೇಖನಿ ಹಿಡಿದರೆ ಹೇಗಿರುತ್ತೆ?

ನಮ್ಮ ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಕಾಲ. ಚಿಕ್ಕದೇವರಾಜ ಒಡೆಯರ ಆಳ್ವಿಕೆ, 1673ರಿಂದ 1704. ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸ ಹೊನ್ನಮ್ಮನದು. ಅದಕ್ಕೇ ಸಂಚಿಯ ಹೊನ್ನಮ್ಮ ಎಂದು ಹೆಸರಾಯಿತು. ಆಕೆ ಹಾಡಿಕೊಳ್ಳಲು ಬರುವ ಸಾಂಗತ್ಯ ಛಂದಸ್ಸಿನಲ್ಲಿ 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದಳು. ಹದಿಬದೆ ಅಂದರೆ ಪತಿವ್ರತೆ. ಗಂಡನಿಗೆ ಹೀಗೆ ನಡೆದುಕೋ, ಅತ್ತೆಮಾವಂದಿರಿಗೆ ಹೀಗೆ ನಡೆದುಕೋ ಅಂತ ಉಪದೇಶ ತುಂಬಾ ಇದೆ. ಎಷ್ಟೋ ಕಡೆ ನನಗೆ ಒಪ್ಪಿಗೆಯಿಲ್ಲ, ಈಗಿನ ಹೆಣ್ಣುಮಕ್ಕಳಿಗಂತೂ ಸಿಟ್ಟೇ ಬರುತ್ತೆ. ಆದರೆ ಆ ಉಪದೇಶದ ನಡುವೆಯೇ, ಹೆಣ್ಣೆಂದರೆ ಯಾಕೆ ಕೀಳು, ಹೆತ್ತವಳೂ ಸಲಹಿದವಳೂ ಹೆಣ್ಣೇ ಅಲ್ಲವೇ ಅಂತ ನೇರವಾಗಿ ಕೇಳಿಬಿಡುತ್ತಾಳೆ. ಸಿಹಿ ಉಂಡೆ ಕಚ್ಚಿದಾಗ ಲವಂಗ ಸಿಕ್ಕಿದ ಹಾಗೆ! ರಾಜರ ಆಸ್ಥಾನದಲ್ಲಿ, ಕೆಲಸದಾಕೆ, ಮುನ್ನೂರು ವರ್ಷದ ಹಿಂದೆ. ಎಂಥ ಎದೆಗಾರಿಕೆ!

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಇನ್ನೊಂದು. 1976ರಲ್ಲಿ ಬಂದದ್ದು, 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಇಂದಿರಾ ಅವರಿಗೆ ಹನ್ನೆರಡಕ್ಕೆಲ್ಲ ಮದುವೆ, ಅಲ್ಲಿಗೆ ಶಾಲೆ ಬಂದ್. ಮೊದಲ ಕಾದಂಬರಿ 'ತುಂಗಭದ್ರ' ಬಂದಾಗ, 1963ರಲ್ಲಿ, ಅವರಿಗೆ ನಲವತ್ತಾರು ವರ್ಷ. ಇನ್ನು ನಮ್ಮದೆಲ್ಲ ಮುಗಿಯಿತು ಅನ್ನುವ ನಲವತ್ತು ದಾಟಿದವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಫಣಿಯಮ್ಮ ಅವರ ವಂಶದಲ್ಲೇ ಬಾಳಿದ್ದ ಒಬ್ಬ ಹಿರಿಯಾಕೆ. ಎಳವೆಯಲ್ಲೇ ಮದುವೆ, ಎಳವೆಯಲ್ಲೇ ವೈಧವ್ಯ, ಆಮೇಲೆ ತಲೆ ಬೋಳು. ಜೀವಮಾನವೆಲ್ಲ ಇನ್ನೊಬ್ಬರ ಮನೆಯ ದುಡಿತ. ಈ ಪುಸ್ತಕವನ್ನು ದುಃಖದ ಕಥೆ ಅನ್ನುತ್ತಾರೆ. ನಾನು ಹಾಗೆ ಓದುವುದಿಲ್ಲ. ತಾನು ಹೆರದ ಫಣಿಯಮ್ಮ ಬೇರೆಯವರ ಹೆರಿಗೆ ಮಾಡಿಸುತ್ತಾಳೆ. ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದಾಗ, ಊರೆಲ್ಲ ಬೈದರೂ, ಈ ಮಡಿಯ ಮುದುಕಿ ಅವಳ ಕಡೆ ನಿಲ್ಲುತ್ತಾಳೆ. ತನಗಾದದ್ದು ಇನ್ನೊಬ್ಬಳಿಗೆ ಆಗಬಾರದು ಅನ್ನುವುದು ಎಷ್ಟು ಜನಕ್ಕೆ ಬರುತ್ತೆ? ನಾನು ಅನುಭವಿಸಿದೆ, ನೀನೂ ಅನುಭವಿಸು ಅನ್ನುವವರೇ ಹೆಚ್ಚು.

ಕವಿತೆ ಬೇಕು ಅನ್ನುವವರಿಗೆ ನಮ್ಮ ಜಿಲ್ಲೆಯ ಕಿಕ್ಕೇರಿಯವರೇ ಆದ ಕೆ. ಎಸ್. ನರಸಿಂಹಸ್ವಾಮಿ ಇದ್ದಾರೆ. 1942ರ 'ಮೈಸೂರು ಮಲ್ಲಿಗೆ'. ತವರಿಗೆ ಹೋದ ಹೆಂಡತಿ, ಮಾವನ ಮನೆಗೆ ಬಂದಿಳಿದ ಅಳಿಯ, ಇಂಥ ದಿನನಿತ್ಯದ ಸಂಗತಿಗಳೇ ಅಲ್ಲಿ ಕವಿತೆಯಾಗಿವೆ. ಹೊಸ ಸಂಸಾರದ ಸಂತೋಷವೇ ಜಾಸ್ತಿ, ಬಾಣಲೆಯ ಮಸಿ ಅಷ್ಟು ಕಾಣುವುದಿಲ್ಲ ಎಂಬುದು ನನ್ನ ಸಣ್ಣ ತಕರಾರು. ಆದರೂ ಹೆಂಡತಿಯ ಮೇಲಿನ ಪ್ರೀತಿಯನ್ನು ಸಂಕೋಚವಿಲ್ಲದೆ ಹೇಳಿದ ಆ ಮಲ್ಲಿಗೆ ಈಗಲೂ ಬಾಡಿಲ್ಲ.

ಮಂಡ್ಯದ ಮಗಳು

ಕೊನೆಗೆ ಇಟ್ಟುಕೊಂಡದ್ದು 'ಶರಪಂಜರ'. ತ್ರಿವೇಣಿ ಮಂಡ್ಯದಲ್ಲಿ ಹುಟ್ಟಿದವರು, 1928ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದರು. ಸುಮಾರು ಇಪ್ಪತ್ತು ಕಾದಂಬರಿ ಬರೆದು, 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಆಗ ಅವರಿಗೆ ಮೂವತ್ತನಾಲ್ಕು. ಅವರ ತಂಗಿ ಆರ್ಯಾಂಬ ಪಟ್ಟಾಭಿ ಅವರೂ ಕಾದಂಬರಿಕಾರ್ತಿ. ಇವರ ಪುಸ್ತಕಗಳನ್ನು 'ಅಡುಗೆಮನೆ ಸಾಹಿತ್ಯ' ಅಂತ ಮೂಗು ಮುರಿದವರು ಇದ್ದರು. ಆ ಹೆಸರನ್ನು ನಾನು ಬಿರುದು ಅಂತಲೇ ತೆಗೆದುಕೊಳ್ಳುತ್ತೇನೆ.

'ಶರಪಂಜರ'ದ ಕಾವೇರಿಗೆ ಒಳ್ಳೆಯ ಗಂಡ, ಮನೆ, ಮಕ್ಕಳು ಎಲ್ಲಾ ಇದೆ. ಬಾಣಂತನದ ಹೊತ್ತಿಗೆ ಅವಳ ಮನಸ್ಸು ಕೆಡುತ್ತೆ. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತೆ, ಮನೆಗೆ ಬರುತ್ತಾಳೆ. ಅಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕು ತಾನೆ? ಇಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಮನೆಯವರು, ನೆರೆಯವರು ಎಲ್ಲರ ಕಣ್ಣೂ ಅವಳ ಮೇಲೆ. ಡಾಕ್ಟರು ವಾಸಿ ಮಾಡಿದ್ದನ್ನು ಮನೆ ಕೆಡಿಸುತ್ತೆ. ಮತ್ತೆ ಅದೇ ಆಸ್ಪತ್ರೆ. 1971ರಲ್ಲಿ ಸಿನಿಮಾ ಬಂದ ಮೇಲೆ ಕಾವೇರಿಯನ್ನು ಅರಿಯದ ಮನೆಯಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಒಬ್ಬಳು ಚೊಚ್ಚಲ ಬಾಣಂತಿ. ಹೆರಿಗೆಯಾಗಿ ಎರಡು ವಾರವಾಗಿರಲಿಲ್ಲ. ನಿದ್ದೆಯಿಲ್ಲ, ಮಗುವನ್ನು ಮುಟ್ಟುವುದಿಲ್ಲ, ಯಾರೋ ಕರೀತಾರೆ ಅಂತ ರಾತ್ರಿ ಎದ್ದು ಹೋಗುತ್ತಾಳೆ. "ಬಾಣಂತಿ ಸನ್ನಿ", "ಗಾಳಿ ಸೋಕದೆ" ಅಂತ ಹಿರಿಯರು ತಾಯಿತ ಕಟ್ಟಿಸಲು ಹೊರಟಿದ್ದರು. ಅವಳ ತಾಯಿ ಒಗೆಯುವ ಕಲ್ಲಿನ ಹತ್ತಿರ ನನ್ನ ಮುಂದೆ ಕಣ್ಣೀರು ಹಾಕಿದಾಗ ನನಗೆ ಥಟ್ಟನೆ ಹೊಳೆದದ್ದು ಕಾವೇರಿ. "ಇದು ಕಾಯಿಲೆ ಕಣವ್ವ, ಔಷಧಿ ಅದೆ, ಇವತ್ತೇ ತೋರ್ಸಿ" ಅಂದೆ. ಅವತ್ತೇ ಕರೆದುಕೊಂಡು ಹೋದರು. ವಾರಗಟ್ಟಲೆ ಔಷಧಿಯಾಯಿತು, ಹುಡುಗಿ ಚೇತರಿಸಿಕೊಂಡು ಮನೆಗೆ ಬಂದಳು.

ಪುಸ್ತಕ ನಿಜವಾಗಿ ಕೆಲಸಕ್ಕೆ ಬಂದದ್ದು ಆಮೇಲೆ. ಅವಳ ಅತ್ತೆ ಮನೆಯಲ್ಲಿ ಮಗುವನ್ನು ಕೈಗೆ ಕೊಡಲು ಅಂಜಿಕೆ, ಒಲೆ ಹತ್ತಿರ ಬಿಡಲು ಅಂಜಿಕೆ. ನಾನು ಆ ಅತ್ತೆಯನ್ನು ಕೂರಿಸಿಕೊಂಡು 'ಶರಪಂಜರ'ದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಉಪದೇಶ ಮಾಡಲಿಲ್ಲ, ಬರೀ ಕಥೆ. ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ನಾವೇ ಮತ್ತೆ ಕೆಡಸ್ಬುಡ್ತೀವಿ ಅನ್ನು" ಅಂದರು. ಡಾಕ್ಟರು ಆಗಲಿ ಅಂದ ಮೇಲೆ, ಅವರೇ ಪಕ್ಕದಲ್ಲಿ ನಿಂತು ಸೊಸೆಯ ಕೈಗೆ ಮಗು ಕೊಟ್ಟರು, ಸಾರಿಗೆ ಒಗ್ಗರಣೆ ಹಾಕಲು ಬಿಟ್ಟರು. ಆ ಮಗು ಈಗ ಸ್ಕೂಲಿಗೆ ಹೋಗುತ್ತಿದೆ.

ತ್ರಿವೇಣಿ ಕಾವೇರಿಯನ್ನು ಉಳಿಸಲಿಲ್ಲ. ಅದನ್ನು ಓದಿದವರು ಇನ್ನೊಬ್ಬಳನ್ನು ಉಳಿಸಿಕೊಳ್ಳಲಿ ಅಂತಲೇ ಹಾಗೆ ಬರೆದರೇನೋ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಬಾಣಂತಿಗೆ ನಿದ್ದೆ ಪೂರಾ ಹೋಗಿ, ಮಾತು ಅಡ್ಡಾದಿಡ್ಡಿಯಾದರೆ, ಇಲ್ಲದ್ದು ಕಾಣುತ್ತೆ ಕೇಳುತ್ತೆ ಅಂದರೆ, ಮಗುವಿಗೋ ತನಗೋ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ, ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇಟ್ಟು ನೋಡುವ ವಿಭಾಗ ಇದೆ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 2022ರಲ್ಲಿ ಶುರುವಾಗಿದೆ, ನಂಬರು 14416.

ಹೊತ್ತು ಎಲ್ಲಿಂದ ತರೋದು?

ಇಷ್ಟೆಲ್ಲ ಸರಿ, ಓದಲು ಹೊತ್ತೆಲ್ಲಿ ಅನ್ನುತ್ತೀರಿ. ನನಗೆ ಅನುಕೂಲವಾದ ಕೆಲವು ದಾರಿಗಳನ್ನು ಹೇಳುತ್ತೇನೆ.

ಪುಸ್ತಕವನ್ನು ಬೀರುವಿನಲ್ಲಿ ಇಡಬೇಡಿ, ಕೈಗೆ ಸಿಗುವ ಕಡೆ ಇಡಿ. ಕುಕ್ಕರ್ ಮೂರು ಕೂಗು ಕೂಗುವಷ್ಟರಲ್ಲಿ ಎರಡು ಪುಟ ಆಗುತ್ತೆ. ದಿನಕ್ಕೆ ಐದು ಪುಟ ಅಂದರೂ ಮುನ್ನೂರು ಪುಟದ ಕಾದಂಬರಿ ಎರಡು ತಿಂಗಳಿಗೆ ಮುಗಿಯಿತು.

ಬೇರೆ ದೇಶದ ಪುಸ್ತಕದಲ್ಲಿ ಹೆಸರುಗಳು ತಲೆ ತಿನ್ನುತ್ತವೆ. ರಷ್ಯಾದವರಿಗಂತೂ ಒಬ್ಬೊಬ್ಬರಿಗೆ ಮೂರು ಮೂರು ಹೆಸರು. ಡಾಲಿ ಅಂದರೂ ಅವಳೇ, ದಾರ್ಯಾ ಅಲೆಕ್ಸಾಂಡ್ರೊವ್ನಾ ಅಂದರೂ ಅವಳೇ. ನಮ್ಮಲ್ಲಿ ಪುಟ್ಟತಾಯಮ್ಮನನ್ನು ಒಬ್ಬರು ಪುಟ್ಟಿ, ಇನ್ನೊಬ್ಬರು ತಾಯಮ್ಮ ಅನ್ನುವುದಿಲ್ಲವೇ, ಹಾಗೆ. ಯಾರು ಯಾರ ಮನೆಯವರು ಅಂತ ಒಂದು ಚೀಟಿಯಲ್ಲಿ ಬರೆದು ಪುಸ್ತಕದಲ್ಲೇ ಇಟ್ಟುಕೊಳ್ಳಿ.

ರಾಜಕೀಯವೋ, ಬೇಟೆಯೋ, ಬೇಸಾಯದ ಚರ್ಚೆಯೋ ಬಂದು ಬೇಜಾರಾದರೆ ಆ ಪುಟಗಳನ್ನು ಹಾರಿಸಿ ಮುಂದೆ ಹೋಗಿ. ಯಾರೂ ಪರೀಕ್ಷೆ ಇಟ್ಟಿಲ್ಲ. ಒಂದು ಪುಸ್ತಕ ಹಿಡಿಸಲೇ ಇಲ್ಲ ಅಂದರೆ ಬಿಟ್ಟುಬಿಡಿ, ಹತ್ತು ವರ್ಷ ಬಿಟ್ಟು ಮತ್ತೆ ನೋಡಿದರೆ ಅದೇ ಪುಸ್ತಕ ಬೇರೆಯಾಗಿ ಕಂಡೀತು.

ದುಡ್ಡಿನ ಚಿಂತೆ ಬೇಡ. ಕರ್ನಾಟಕದಲ್ಲಿ 1965ರಲ್ಲೇ ಸಾರ್ವಜನಿಕ ಗ್ರಂಥಾಲಯದ ಕಾಯ್ದೆ ಆಗಿದೆ. ನಾವು ಕಟ್ಟುವ ಮನೆ ಕಂದಾಯದ ರಸೀತಿಯನ್ನು ಒಮ್ಮೆ ಕಣ್ಣಿಟ್ಟು ನೋಡಿ, ಅದರಲ್ಲಿ ಗ್ರಂಥಾಲಯದ ಕರವೂ ಸೇರಿರುತ್ತೆ. ಅಂದಮೇಲೆ ಆ ಕಪಾಟುಗಳ ಮೇಲೆ ನಮಗೂ ಹಕ್ಕಿದೆ. ಗಂಡಸರು ಪೇಪರ್ ಓದುವ ಜಾಗ ಅಂತ ಹಿಂಜರಿಯದೆ ಒಳಗೆ ಹೋಗಿ, ಮೆಂಬರ್ ಆಗಿ, ಲೇಖಕರ ಹೆಸರು ಹೇಳಿ ಕೇಳಿ.

ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಮೊಬೈಲು ನೋಡುತ್ತಾ ಮೂಲೆ ಸೇರಿದ ಮಕ್ಕಳೂ ಒಂದು ದಿನ ಕಿವಿಗೊಡುತ್ತಾರೆ.

ಈಗ ನನ್ನದೊಂದು ಕೋರಿಕೆ. ನೀವು ಓದಿದ ಯಾವುದಾದರೂ ಒಂದು ಪುಸ್ತಕದಲ್ಲಿ ಎಲ್ಲರೂ ಮರೆತುಬಿಡುವ, ನಿಮಗೆ ಮಾತ್ರ ಮರೆಯಲಾಗದ ಒಬ್ಬ ಮನೆಯಾಕೆ ಇದ್ದರೆ ಅವಳ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ. ಪುಸ್ತಕದ ಹೆಸರು, ಬರೆದವರ ಹೆಸರು ಇರಲಿ. ಕಾಗುಣಿತ ತಪ್ಪಾದರೆ ಚಿಂತೆಯಿಲ್ಲ. ಮಳವಳ್ಳಿ ಕಡೆಯ ತಂಗಿ, ನಿಮ್ಮ ಪತ್ರವನ್ನೂ ಎದುರು ನೋಡುತ್ತೇನೆ. ಬಂದ ಪತ್ರಗಳಲ್ಲಿ ಆರಿಸಿದವನ್ನು ಮುಂದೆ ಇದೇ ಪುಟದಲ್ಲಿ ಹಂಚಿಕೊಳ್ಳೋಣ.

ನಿಮ್ಮ ಅಕ್ಕ,
ಗುತ್ತಲು, ಮಂಡ್ಯ